ತಿಂಗಳ ನೋವಿಗೆ ಚೀನೀ ಮದ್ದು: ಯಾವುದನ್ನು ತೆಗೆದುಕೊಳ್ಳೋಣ, ಯಾವುದನ್ನು ಬಿಡೋಣ?



ನಾವು ಬರೆಯುವ ರಜೆ ಚೀಟಿಗಳಲ್ಲಿ ಪದೇ ಪದೇ ಬರುವ ಒಂದು ಪದ "ಹೊಟ್ಟೆನೋವು". ಅದರಲ್ಲಿ ಊಟ ಹೆಚ್ಚುಕಡಿಮೆಯಾಗಿ ಬಂದ ನೋವು ಎಷ್ಟು, ಮುಟ್ಟಿನ ನೋವು ಎಷ್ಟು ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಪ್ರಾಕ್ಟಿಕಲ್ ದಿನವೇ ಆ ನೋವು ಬಂದರೆ ಪಿಪೆಟ್ ಹಿಡಿದ ಕೈ ನಡುಗುತ್ತದೆ. ಆದರೂ "ಎಲ್ಲರಿಗೂ ಇರೋದೇ ಅಲ್ವಾ" ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಈಗ ಕೆಲವು ತಿಂಗಳಿಂದ ಹುಡುಗಿಯರ ನಡುವೆ ಹೊಸ ಮಾತೊಂದು ಓಡಾಡುತ್ತಿದೆ: ಚೀನೀ ಮದ್ದು. ಮೊಬೈಲ್ ತೆರೆದರೆ ಹೊಟ್ಟೆಗೆ ಅಂಟಿಸುವ ಪಟ್ಟಿ, ಗಿಡಮೂಲಿಕೆ ಚಹಾ, ಕಾಲಿನಲ್ಲಿ ಒತ್ತುವ ಬಿಂದು. ಜೊತೆಗೆ "ಸಾವಿರಾರು ವರ್ಷ ಹಳೆಯದು, ಯಾವ ಸೈಡ್ ಎಫೆಕ್ಟೂ ಇಲ್ಲ" ಎಂಬ ಸಾಲು. ನಮ್ಮ ತರಗತಿಯಲ್ಲೇ ಇಬ್ಬರು ಅಂಥ ಪೊಟ್ಟಣ ತರಿಸುವ ಯೋಚನೆಯಲ್ಲಿದ್ದರು. ನನ್ನ ಖಾಲಾನ ಮಗಳು ಚೀನಾದಲ್ಲಿ ಎಂಬಿಬಿಎಸ್ ಓದಿ ಬಂದವರು. ಅಲ್ಲಿನ ಕೋರ್ಸಿನಲ್ಲಿ ಚೀನೀ ಪಾರಂಪರಿಕ ವೈದ್ಯ ಪದ್ಧತಿಯೂ ಒಂದು ವಿಷಯವಾಗಿತ್ತಂತೆ. ಈದ್ ರಜೆಯಲ್ಲಿ ಆಪಾ ಬಂದಿದ್ದಾಗ ಕೂತು ಕೇಳಿದೆ, ಆಮೇಲೆ ನಾನೂ ಓದಿದೆ. ನನಗೆ ತಿಳಿದದ್ದು ಇಷ್ಟು: ಆ ಪದ್ಧತಿಯಲ್ಲಿ ಈ ನೋವಿನ ಬಗ್ಗೆ ಕೇಳುವ ಪ್ರಶ್ನೆಗಳು ಬಹಳ ಒಳ್ಳೆಯವು, ಅದರ ಕೆಲವು ಉಪಾಯಗಳು ನಮ್ಮ ಅಡುಗೆಮನೆಯಲ್ಲೇ ಇವೆ, ಆದರೆ ಅದರ ಪೊಟ್ಟಣವನ್ನು ಕಣ್ಣುಮುಚ್ಚಿ ಕುದಿಸಿ ಕುಡಿಯುವಂತಿಲ್ಲ.

ಮೊದಲು, ನೋವು ಯಾಕೆ ಬರುತ್ತದೆ?

ಪ್ರತಿ ತಿಂಗಳು ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿದು ಆ ಪದರ ಕಳಚುತ್ತದೆ. ಇದನ್ನು ನಾವು ಜೀವಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ನೋವಿಗೆ ಕಾರಣವಾದ ಮುಂದಿನ ಭಾಗ ಹೀಗಿದೆ. ಕಳಚುವ ಪದರದಿಂದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಇವು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡಿಸುತ್ತವೆ. ಹಿಂಡಿದಾಗ ಒಳಗಿನ ರಕ್ತನಾಳಗಳೂ ಅದುಮಿಹೋಗಿ ಸ್ನಾಯುವಿಗೆ ಆಮ್ಲಜನಕ ಸಾಲದಾಗುತ್ತದೆ. ಅದೇ ಕಿಬ್ಬೊಟ್ಟೆಯಲ್ಲಿ ಹಿಡಿದು ಹಿಡಿದು ಬಿಡುವ ನೋವು. ಇದೇ ರಾಸಾಯನಿಕಗಳ ಪ್ರಭಾವ ಕರುಳಿನ ಮೇಲೂ ಆಗುವುದರಿಂದ ಕೆಲವರಿಗೆ ಭೇದಿ, ವಾಕರಿಕೆ, ತಲೆನೋವೂ ಬರುತ್ತವೆ. ಪ್ರೊಸ್ಟಗ್ಲಾಂಡಿನ್ ಹೆಚ್ಚಿದ್ದವರಿಗೆ ನೋವೂ ಹೆಚ್ಚು. ಅಂದರೆ ಇದು ನಾಟಕವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ವೈದ್ಯರು ಇದರಲ್ಲಿ ಎರಡು ಬಗೆ ಮಾಡುತ್ತಾರೆ. ಒಳಗೆ ಬೇರೆ ಕಾಯಿಲೆ ಏನೂ ಇಲ್ಲದೆ, ಮೇಲೆ ಹೇಳಿದ ಕಾರಣದಿಂದ ಮಾತ್ರ ಬರುವುದು ಮೊದಲನೆಯ ಬಗೆ. ನಮ್ಮ ವಯಸ್ಸಿನವರಲ್ಲಿ ಹೆಚ್ಚಿನದು ಇದೇ. ಎರಡನೆಯದು ಒಳಗಿನ ಕಾಯಿಲೆಯಿಂದ ಬರುವ ನೋವು. ಎಂಡೊಮೆಟ್ರಿಯೋಸಿಸ್ ಅಂಥ ಒಂದು ಕಾಯಿಲೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದನ್ನು ಹೀಗೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಸುಮಾರು 10 ಮಂದಿಯಲ್ಲಿ ಒಬ್ಬರಿಗೆ ಇದು ಇರುತ್ತದೆ. ಈ ಎರಡನೆಯ ಬಗೆಯನ್ನು ಕಷಾಯ ಕುಡಿದು ಮರೆಮಾಚಬಾರದು. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಚೀನೀ ವೈದ್ಯರು ಏನು ಹೇಳುತ್ತಾರೆ?

ಚೀನೀ ಭಾಷೆಯಲ್ಲಿ ಮುಟ್ಟಿನ ನೋವಿಗೆ ಥೊಂಗ್‌ಜಿಂಗ್ ಎನ್ನುತ್ತಾರೆ. ಆ ಪದ್ಧತಿಯ ಪ್ರಕಾರ ದೇಹದಲ್ಲಿ "ಚೀ" ಎಂಬ ಜೀವಶಕ್ತಿಯೂ ರಕ್ತವೂ ದಾರಿಗಳಲ್ಲಿ ಹರಿಯುತ್ತಿರುತ್ತವೆ. ಹರಿವು ಸರಾಗವಾಗಿದ್ದರೆ ನೋವಿಲ್ಲ, ಕಟ್ಟಿಕೊಂಡರೆ ನೋವು. ಕಾಲುವೆಯಲ್ಲಿ ಕಸ ಸಿಕ್ಕಿ ನೀರು ನಿಂತಂತೆ ಎಂದು ಆಪಾ ವಿವರಿಸಿದರು. ಕಟ್ಟಿಕೊಳ್ಳಲು ಮುಖ್ಯ ಕಾರಣಗಳಲ್ಲಿ ಒಂದು "ಶೀತ". ಆದ್ದರಿಂದಲೇ ಚೀನಾದ ತಾಯಂದಿರು ಮುಟ್ಟಿನ ದಿನಗಳಲ್ಲಿ ತಣ್ಣೀರು, ಐಸ್‌ಕ್ರೀಮ್ ಬೇಡ, ಕಾಲು ಬೆಚ್ಚಗಿರಲಿ, ಬಿಸಿನೀರು ಕುಡಿ ಎನ್ನುತ್ತಾರೆ. ಆಪಾ ಇದ್ದ ಹಾಸ್ಟೆಲ್‌ನಲ್ಲಿ ಚೀನೀ ಗೆಳತಿಯರು ಶುಂಠಿ ಮತ್ತು ಕಂದು ಸಕ್ಕರೆ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ತುಂಬಿ ತಂದುಕೊಡುತ್ತಿದ್ದರಂತೆ. ಬೆಲ್ಲ ಹಾಕಿದ ನಮ್ಮ ನಾನಿಯ ಶುಂಠಿ ಕಷಾಯಕ್ಕೂ ಅದಕ್ಕೂ ರುಚಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ ಎಂದರು.

ನನಗೆ ಹೆಚ್ಚು ಇಷ್ಟವಾದದ್ದು ಅವರು ಕೇಳುವ ಪ್ರಶ್ನೆಗಳು. ನೋವು ಮುಟ್ಟಿಗೆ ಮೊದಲು ಬರುತ್ತದೆಯೋ, ಮೊದಲ ದಿನವೋ, ಮುಗಿಯುವಾಗಲೋ? ಚುಚ್ಚುವಂಥದ್ದೋ, ಎಳೆಯುವಂಥದ್ದೋ, ಮಂದವೋ? ಒತ್ತಿದರೆ ಹಾಯೆನಿಸುತ್ತದೆಯೋ, ಮುಟ್ಟಿದರೇ ಹೆಚ್ಚಾಗುತ್ತದೆಯೋ? ಬಿಸಿ ಇಟ್ಟರೆ ಕಡಿಮೆಯಾಗುತ್ತದೆಯೋ? ರಕ್ತದ ಬಣ್ಣವೇನು, ಗಡ್ಡೆ ಬರುತ್ತದೆಯೇ? ಜೊತೆಗೆ ನಾಲಿಗೆ ನೋಡಿ ನಾಡಿ ಹಿಡಿಯುತ್ತಾರೆ. ಉತ್ತರಗಳನ್ನು ನೋಡಿಕೊಂಡು "ಚೀ ಕಟ್ಟಿದೆ", "ಶೀತ ಸೇರಿದೆ", "ಚೀ ಮತ್ತು ರಕ್ತ ಸಾಲದು" ಎಂದು ಬೇರೆ ಬೇರೆ ಗುಂಪು ಮಾಡಿ, ಗುಂಪಿಗೆ ತಕ್ಕ ಮದ್ದು ಕೊಡುತ್ತಾರೆ. ಒಬ್ಬಳಿಗೆ ಕೊಟ್ಟದ್ದು ಇನ್ನೊಬ್ಬಳಿಗೆ ಅಲ್ಲ. ಆನ್‌ಲೈನ್‌ನಲ್ಲಿ ಎಲ್ಲರಿಗೂ ಒಂದೇ ಪೊಟ್ಟಣ ಮಾರುವವರು ಆ ಪದ್ಧತಿಯ ಈ ಮೊದಲ ನಿಯಮವನ್ನೇ ಮುರಿಯುತ್ತಿದ್ದಾರೆ.

ವಿಜ್ಞಾನ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಲೇಬೇಕು. "ಚೀ" ಎಂಬುದನ್ನು ಯಾವ ಪ್ರಯೋಗಾಲಯವೂ ಅಳೆದಿಲ್ಲ. ದೇಹ ಕೊಯ್ದು ನೋಡಿದರೆ ಆ ಹರಿವಿನ ದಾರಿಗಳು ನರದಂತೆ, ರಕ್ತನಾಳದಂತೆ ಕಾಣುವುದಿಲ್ಲ. ತಿಂದ ಐಸ್‌ಕ್ರೀಮ್ ಗರ್ಭಕೋಶ ತಲುಪುವುದೂ ಇಲ್ಲ. ಅದು ಹೊಟ್ಟೆಯಲ್ಲೇ ಮೈ ಬಿಸಿಗೆ ಬರುತ್ತದೆ. ಅವರು ಹೇಳುವ "ರಕ್ತದ ಕೊರತೆ"ಯೂ ನಮ್ಮ ಡಾಕ್ಟರು ಹೇಳುವ ಅನೀಮಿಯಾವೂ ಒಂದೇ ಅಲ್ಲ. ಅನೀಮಿಯಾವನ್ನು ಹಿಮೋಗ್ಲೋಬಿನ್ ಪರೀಕ್ಷೆಯಿಂದಲೇ ತಿಳಿಯಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ಅನೀಮಿಯಾ ಕಂಡುಬಂದಿದೆ. ಮುಟ್ಟಿನ ದಿನಗಳಲ್ಲಿ ತಲೆಸುತ್ತು, ಸುಸ್ತು ಇದ್ದವರು ಈ ಪರೀಕ್ಷೆ ಮಾಡಿಸಿಕೊಳ್ಳಿ.

ಹಳೆಯ ಗ್ರಂಥಗಳು ಮತ್ತು ಅರೇಬಿಯಾದ ಮುರ್

ಈ ಪದ್ಧತಿಯಲ್ಲಿ ಹೆಂಗಸರ ಆರೋಗ್ಯಕ್ಕೆ ಹಳೆಯ ಕಾಲದಿಂದಲೂ ಜಾಗವಿದೆ. ಕ್ರಿ.ಶ. 200ರ ಆಸುಪಾಸಿನ ವೈದ್ಯ ಝಾಂಗ್ ಝೊಂಗ್‌ಜಿಂಗ್ ಅವರ ಹೆಸರಿನ ಗ್ರಂಥದಲ್ಲೇ ಸ್ತ್ರೀಯರ ಕಾಯಿಲೆಗಳಿಗೆ ಪ್ರತ್ಯೇಕ ಭಾಗಗಳಿವೆ. 1237ರಲ್ಲಿ ಚೆನ್ ಝಿಮಿಂಗ್ ಎಂಬವರು ಸ್ತ್ರೀರೋಗಗಳಿಗೆಂದೇ ದೊಡ್ಡ ಔಷಧ ಸಂಗ್ರಹ ರಚಿಸಿದರು. ಸೊಂಗ್ ರಾಜವಂಶದ ಸರ್ಕಾರಿ ಔಷಧ ಸಂಗ್ರಹದಲ್ಲಿ ಇರುವ "ನಾಲ್ಕು ವಸ್ತುಗಳ ಕಷಾಯ" ಇಂದಿಗೂ ಬಳಕೆಯಲ್ಲಿದೆ. ಅದರ ಮುಖ್ಯ ವಸ್ತು ದಾಂಗ್‌ಗುಯಿ ಎಂಬ ಬೇರು. ಚೀನಾದ ಗಾನ್ಸು ಪ್ರಾಂತ್ಯದ ತಂಪು ಬೆಟ್ಟಗಳಲ್ಲಿ ಇದನ್ನು ಹೆಚ್ಚಾಗಿ ಬೆಳೆಯುತ್ತಾರೆ.

ಇನ್ನೊಂದು ಪ್ರಸಿದ್ಧ ಕಷಾಯ ವಾಂಗ್ ಚಿಂಗ್‌ರೆನ್ ಎಂಬ ವೈದ್ಯರ 1830ರ ಗ್ರಂಥದ್ದು. ಕಿಬ್ಬೊಟ್ಟೆಯ "ಶೀತದ" ನೋವಿಗೆಂದೇ ಮಾಡಿದ ಇದರಲ್ಲಿ ಹತ್ತು ವಸ್ತುಗಳಿವೆ. ಪಟ್ಟಿ ಓದಿದಾಗ ನನಗೆ ಆಶ್ಚರ್ಯವಾಯಿತು: ಒಣಶುಂಠಿ, ದಾಲ್ಚಿನ್ನಿ ಜಾತಿಯ ತೊಗಟೆ, ಸೋಂಪು, ಜೊತೆಗೆ ಮುರ್! ಮುರ್ ಎಂದರೆ ಅರೇಬಿಯಾ ಮತ್ತು ಸೋಮಾಲಿಯಾ ಕಡೆಯ ಗಿಡದ ಅಂಟು, ನಮ್ಮಲ್ಲಿ ರಕ್ತಬೋಳ ಎನ್ನುತ್ತಾರೆ. ಅರಬ್ ಮತ್ತು ಪಾರಸಿ ವರ್ತಕರ ವ್ಯಾಪಾರದಲ್ಲಿ ಇಂಥ ವಸ್ತುಗಳು ಚೀನಾ ಸೇರಿದವು. ಜ್ಞಾನ ಆ ಕಡೆಯಿಂದ ಈ ಕಡೆಗೂ ಬಂದಿದೆ. 14ನೇ ಶತಮಾನದ ಆರಂಭದಲ್ಲಿ ಇರಾನಿನ ತಬ್ರೀಜ್‌ನಲ್ಲಿ ವಜೀರ ರಶೀದುದ್ದೀನ್ ಚೀನೀ ವೈದ್ಯಗ್ರಂಥಗಳನ್ನು ಪಾರಸಿಗೆ ತರಿಸಿದ್ದರು. ಹಾಗಾಗಿ "ಅದು ಅವರದು, ಇದು ನಮ್ಮದು" ಎಂದು ಗೆರೆ ಎಳೆಯುವುದು ಕಷ್ಟ.

ಅದೇ ಹತ್ತರ ಪಟ್ಟಿಯಲ್ಲಿ ಹಾರುವ ಅಳಿಲಿನ ಒಣಗಿದ ಹಿಕ್ಕೆಯೂ ಒಂದು. "ರಕ್ತ ತುಂಬಲು" ಹೆಂಗಸರಿಗೆ ಕೊಡುವ ಅಜ್ಯಾವ್ ಎಂಬುದು ಕತ್ತೆಯ ಚರ್ಮ ಕುದಿಸಿ ತೆಗೆದ ಅಂಟು. ಪೊಟ್ಟಣದ ಮೇಲೆ "ಹರ್ಬಲ್" ಎಂದಿದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಗಿಡವೇ ಎಂದುಕೊಳ್ಳಬೇಡಿ. ಹಲಾಲ್ ನೋಡಿ ತಿನ್ನುವ ನಮ್ಮ ಮನೆಗಳಲ್ಲಿ ಇದನ್ನೂ ಕೇಳಬೇಕಾಗುತ್ತದೆ.

ಪರೀಕ್ಷೆಗೆ ಹಚ್ಚಿದಾಗ ನಿಂತದ್ದು ಯಾವುದು?

ಹಳೆಯದಾದ ಮಾತ್ರಕ್ಕೆ ಸರಿಯೆಂದೂ ಹೇಳಲಾಗದು, ತಪ್ಪೆಂದೂ ಹೇಳಲಾಗದು. ಇದಕ್ಕೆ ಚೀನಾದ್ದೇ ಉದಾಹರಣೆ ಇದೆ. 2015ರಲ್ಲಿ ನೊಬೆಲ್ ಪಡೆದ ತು ಯೂಯೂ ಅವರು ಮಲೇರಿಯಾ ಮದ್ದು ಹುಡುಕುತ್ತ 4ನೇ ಶತಮಾನದ ಒಂದು ವೈದ್ಯಗ್ರಂಥ ಓದಿದರು. ಅದರಲ್ಲಿ ಚಿಂಗ್‌ಹಾವ್ ಗಿಡವನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಬೇಕು ಎಂದಿತ್ತು. ಬಿಸಿಗೆ ಅದರ ಗುಣ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಫಲ ಕೊಟ್ಟಿತು, ಅದೇ ಆರ್ಟೆಮಿಸಿನಿನ್. ಆ ಗಿಡ ನಮ್ಮ ಹೂವಿನ ಅಂಗಡಿಯ ದವನದ ಕುಲಕ್ಕೇ ಸೇರಿದ್ದು. ಗ್ರಂಥ ಸುಳಿವು ಕೊಟ್ಟಿತು, ಪರೀಕ್ಷೆ ಅದನ್ನು ಮದ್ದನ್ನಾಗಿ ಮಾಡಿತು. ಮುಟ್ಟಿನ ನೋವಿನ ಉಪಾಯಗಳನ್ನೂ ಹೀಗೆ ಒಂದೊಂದಾಗಿ ನೋಡೋಣ.

ಬಿಸಿ: ಇದು ಚೆನ್ನಾಗಿ ನಿಂತಿದೆ. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ಕಿಬ್ಬೊಟ್ಟೆಗೆ ದಿನಕ್ಕೆ 12 ಗಂಟೆ ಕಟ್ಟಿದಾಗ ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ಇಳಿಯಿತು. ಮೈಗಿಂತ ಸ್ವಲ್ಪವೇ ಹೆಚ್ಚಿನ ಬಿಸಿ ಸಾಕು. ಹಾಟ್ ವಾಟರ್ ಬ್ಯಾಗ್ ಇದ್ದರೆ ಟವೆಲ್ ಸುತ್ತಿ ಇಡಿ. ಬರಿ ಚರ್ಮದ ಮೇಲೆ ಇಟ್ಟುಕೊಂಡು ನಿದ್ದೆ ಹೋಗಬೇಡಿ, ಸುಟ್ಟುಹೋಗುತ್ತದೆ. ಚೀನಾದಲ್ಲಿ ಬಿಸಿ ಕೊಡುವ ಇನ್ನೊಂದು ರೀತಿ ಇದೆ. ದವನದ ಕುಲದ್ದೇ ಇನ್ನೊಂದು ಗಿಡದ ಒಣ ಎಲೆಯನ್ನು ಹತ್ತಿಯಂತೆ ಮಾಡಿ, ಸುರುಳಿ ಸುತ್ತಿ, ಹೊತ್ತಿಸಿ, ಹೊಕ್ಕುಳ ಕೆಳಗಿನ ಬಿಂದುವಿನ ಹತ್ತಿರ ಹಿಡಿಯುತ್ತಾರೆ. ಅದು ಕಲಿತವರ ಕೆಲಸ. ಹಾಸ್ಟೆಲ್ ಕೋಣೆಯಲ್ಲಿ ಬೆಂಕಿ, ಹೊಗೆಯ ಸಹವಾಸ ಬೇಡವೇ ಬೇಡ.

ಶುಂಠಿ: ಇದಕ್ಕೂ ಆಧಾರವಿದೆ. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2015ರಲ್ಲಿ ನಡೆಸಿದ ವಿಮರ್ಶೆಯಲ್ಲಿ, ಮುಟ್ಟಿನ ಮೊದಲ ಮೂರು ನಾಲ್ಕು ದಿನ ದಿನಕ್ಕೆ 750ರಿಂದ 2000 ಮಿಲಿಗ್ರಾಂ ಶುಂಠಿ ಪುಡಿ ತೆಗೆದುಕೊಂಡವರಿಗೆ ನೋವು ಕಡಿಮೆಯಾದದ್ದು ಕಂಡಿತು. ಅಂದರೆ ಇಡೀ ದಿನಕ್ಕೆ ಸುಮಾರು ಅರ್ಧದಿಂದ ಒಂದು ಟೀ ಚಮಚ. ಎದೆಯುರಿ ಇದ್ದವರು ಕಡಿಮೆ ಮಾಡಿ. ಬೆಲ್ಲ ರುಚಿಗೆ, ಅದರಿಂದ ನೋವು ಹೋಗುತ್ತದೆ ಎಂದಲ್ಲ.

ಬಿಂದು ಒತ್ತುವುದು: ಇದಕ್ಕೆ ಖರ್ಚೇ ಇಲ್ಲ. ಹೆಚ್ಚಾಗಿ ಬಳಸುವ ಬಿಂದುವಿನ ಹೆಸರು ಸಾನ್‌ಯಿನ್‌ಜ್ಯಾವ್. ಪಾದದ ಗಂಟಿನ ಒಳಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಅದರ ತುದಿಯಿಂದ ಮೇಲಕ್ಕೆ ನಿಮ್ಮ ನಾಲ್ಕು ಬೆರಳು ಅಡ್ಡ ಇಡಿ. ಅಲ್ಲಿ ಮೊಳಕಾಲ ಮೂಳೆಯ ಹಿಂದಿನ ಅಂಚಿನಲ್ಲಿ ಒತ್ತಿದರೆ ಸ್ವಲ್ಪ ನೋಯುವ ಜಾಗ ಸಿಗುತ್ತದೆ. ಹೆಬ್ಬೆರಳಿನಿಂದ ಒಂದೊಂದು ಕಾಲಿಗೂ ಕೆಲವು ನಿಮಿಷ ಒತ್ತಿ. ಜರ್ಮನಿಯ ಬರ್ಲಿನ್‌ನಲ್ಲಿ 221 ಯುವತಿಯರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೊಬೈಲ್ ಆ್ಯಪ್ ನೋಡಿಕೊಂಡು ತಾವೇ ಬಿಂದುಗಳನ್ನು ಒತ್ತಿಕೊಂಡವರಲ್ಲಿ, ಆರನೇ ತಿಂಗಳಿಗೆ ಶೇ. 58 ಮಂದಿಗೆ ನೋವು ಅರ್ಧಕ್ಕೆ ಇಳಿದಿತ್ತು. ಒತ್ತದವರಲ್ಲಿ ಹೀಗಾದದ್ದು ಶೇ. 24 ಮಂದಿಗೆ. ಆದರೆ ತಾವು ಒತ್ತುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ನಂಬಿಕೆಯೂ ಸ್ವಲ್ಪ ಕೆಲಸ ಮಾಡಿರಬಹುದು. ಒಂದೇ ದಿನದಲ್ಲಿ ಜಾದೂ ಆಗುವುದಿಲ್ಲ, ತಿಂಗಳುಗಟ್ಟಲೆ ಮಾಡಬೇಕು. ಇನ್ನೊಂದು ಎಚ್ಚರಿಕೆ: ಗರ್ಭಿಣಿಯರಿಗೆ ಈ ಬಿಂದು ಒತ್ತಬಾರದೆಂದು ಚೀನೀ ವೈದ್ಯರೇ ಹೇಳುತ್ತಾರೆ. ಮನೆಯಲ್ಲಿ ಭಾಬಿಗೆ ಕಲಿಸುವ ಮೊದಲು ಇದು ನೆನಪಿರಲಿ.

ಸೂಜಿ: ಅಕ್ಯುಪಂಕ್ಚರ್ ಬಗ್ಗೆ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ 42 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಅವುಗಳಲ್ಲಿ 4640 ಹೆಂಗಸರಿದ್ದರು. ಪ್ರಯೋಗಗಳ ಗುಣಮಟ್ಟ ಕಡಿಮೆ ಇದ್ದುದರಿಂದ ಕೆಲಸ ಮಾಡುತ್ತದೆ ಎಂದು ಖಚಿತವಾಗಿ ಹೇಳಲಾಗಲಿಲ್ಲ.

ಗಿಡಮೂಲಿಕೆ ಕಷಾಯ: ಅದೇ ಸಂಸ್ಥೆ 2008ರಲ್ಲಿ 39 ಪ್ರಯೋಗ, 3475 ಹೆಂಗಸರ ಫಲಿತಾಂಶ ನೋಡಿತು. ನೋವು ಕಡಿಮೆಯಾದ ಸೂಚನೆ ಇತ್ತು, ಆದರೆ ಇಲ್ಲೂ ಪ್ರಯೋಗಗಳು ಗಟ್ಟಿಯಾಗಿರಲಿಲ್ಲ. ಅಂದರೆ ಆಸೆ ಇಟ್ಟುಕೊಳ್ಳಬಹುದು, ಹಣ ಸುರಿಯುವಷ್ಟಲ್ಲ.

"ಸೈಡ್ ಎಫೆಕ್ಟ್ ಇಲ್ಲ" ಎಂಬ ಮಾತು

ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಹೆಂಗಸರು ತೂಕ ಇಳಿಸಲು ಚೀನೀ ಗಿಡಮೂಲಿಕೆ ಸೇರಿದ ಗುಳಿಗೆ ತೆಗೆದುಕೊಂಡರು. 100ಕ್ಕೂ ಹೆಚ್ಚು ಮಂದಿಯ ಕಿಡ್ನಿ ಹಾಳಾಯಿತು. ಹಲವರಿಗೆ ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಬೇಕಾಯಿತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಕಾರಣ ಹೆಸರಿನ ಗೊಂದಲ. ಹಾಕಬೇಕಾದದ್ದು ಫಾಂಗ್‌ಜಿ ಬೇರು. ಸೇರಿದ್ದು ಗುವಾಂಗ್ ಫಾಂಗ್‌ಜಿ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷವಿದೆ. ನಮ್ಮ ಹಳ್ಳಿಗಳಲ್ಲಿ ನಾಟಿ ಮದ್ದಿಗೆ ಬಳಸುವ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಅದರಲ್ಲೂ ಈ ಆಮ್ಲವಿದೆ. ಆದ್ದರಿಂದ ಇದು ಚೀನಾವನ್ನು ಬೈಯುವ ಮಾತಲ್ಲ. ಬೇರಿನ ಗುರುತು ಗೊತ್ತಿಲ್ಲದೆ ಕುಡಿಯುವ ಯಾವ ಕಷಾಯಕ್ಕೂ ಇದು ಅನ್ವಯಿಸುತ್ತದೆ.

ದಾಂಗ್‌ಗುಯಿಯಂಥ ಒಳ್ಳೆಯ ಹೆಸರಿನ ಬೇರೂ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಿಸಬಲ್ಲದು. ಚೀನಾದಲ್ಲಿ ಇದನ್ನು ಓದಿ ಪಾಸಾದ ವೈದ್ಯರು ಆಸ್ಪತ್ರೆಯಲ್ಲಿ ಕೂತು, ನಾಡಿ ನೋಡಿ, ಗ್ರಾಂ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ನಮ್ಮ ಕೈಗೆ ಬರುವುದು ಭಾಷೆ ಓದಲಾಗದ ಪೊಟ್ಟಣ. "ವೈದ್ಯರಿಲ್ಲದೆ ಬರಿ ಪೊಟ್ಟಣ ಬಂದರೆ ಅದು ಚೀನೀ ವೈದ್ಯವೇ ಅಲ್ಲ ಕಣೇ" ಎಂದು ಆಪಾ ಹೇಳಿದರು.

ಮಾತ್ರೆ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವೇ?

ಈ ಭಯ ನಮ್ಮ ಎಷ್ಟೋ ಮನೆಗಳಲ್ಲಿದೆ. ಮಾತ್ರೆ ಬಿಟ್ಟು ಚೀನೀ ಚಹಾದ ಕಡೆ ಹೋಗಲು ಇದೂ ಒಂದು ಕಾರಣ. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದಂಥ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನೇ ಕಡಿಮೆ ಮಾಡುತ್ತವೆ. ಮುಟ್ಟಿನ ನೋವಿಗೆಂದು ತಿಂಗಳಿಗೆ ಒಂದೆರಡು ದಿನ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಬಂಜೆತನ ಬರುವುದಿಲ್ಲ. ಈ ಗುಂಪಿನ ಮಾತ್ರೆಗಳ ಬಗ್ಗೆ 80 ಪ್ರಯೋಗಗಳನ್ನು ಸೇರಿಸಿ ನೋಡಿದ 2015ರ ಕೊಕ್ರೇನ್ ವಿಮರ್ಶೆಯಲ್ಲಿ ಇವು ಚೆನ್ನಾಗಿ ಕೆಲಸ ಮಾಡುವುದು ಕಂಡಿದೆ.

ಆದರೆ ಇವಕ್ಕೂ ಸೈಡ್ ಎಫೆಕ್ಟ್ ಇದೆ. ಖಾಲಿ ಹೊಟ್ಟೆಯಲ್ಲಿ ಬೇಡ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಮೈಮೇಲೆ ದದ್ದು, ಜ್ವರ, ಗ್ರಂಥಿ ಊತ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗೆಳತಿಯ ಪರ್ಸಿನಿಂದ ಮಾತ್ರೆ ಎರವಲು ತೆಗೆದುಕೊಳ್ಳುವ ನಮ್ಮ ಅಭ್ಯಾಸವನ್ನೂ ಬಿಡೋಣ. ನಡಿಗೆ, ವ್ಯಾಯಾಮ ಕೂಡ ಸಹಾಯ ಮಾಡುತ್ತವೆ: ವಾರಕ್ಕೆ ಮೂರು ಸಲ, ಪ್ರತಿ ಸಲ 45ರಿಂದ 60 ನಿಮಿಷ ಮಾಡಿದವರಿಗೆ ನೋವು ಇಳಿದಿದೆ ಎಂದು 2019ರ ವಿಮರ್ಶೆ ಹೇಳುತ್ತದೆ.

ಹೇಳುವುದಕ್ಕೆ ನಾಚಿಕೆ ಯಾಕೆ?

2016ರ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿಯರು ರಿಲೇ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ಸ್ಪರ್ಧೆ ಮುಗಿದಾಗ ಫು ಯುವಾನ್‌ಹುಯಿ ನೋವಿನಿಂದ ಕುಗ್ಗಿ ಕೂತಿದ್ದರು. ಟೀವಿಯವರು ಕೇಳಿದಾಗ, ಹಿಂದಿನ ದಿನವಷ್ಟೇ ಮುಟ್ಟಾಯಿತು, ತುಂಬ ಸುಸ್ತಾಗಿದೆ, ಆದರೂ ಅದು ನೆಪವಲ್ಲ ಎಂದು ನೇರವಾಗಿ ಹೇಳಿಬಿಟ್ಟರು. ಇಡೀ ಚೀನಾ ಅದನ್ನೇ ಮಾತಾಡಿತು. ಸಾವಿರಾರು ವರ್ಷಗಳಿಂದ ಈ ನೋವಿಗೆ ಕಷಾಯ ಬರೆದ ದೇಶದಲ್ಲೂ ಒಬ್ಬ ಕ್ರೀಡಾಪಟು ಅದನ್ನು ಬಾಯಿಬಿಟ್ಟು ಹೇಳುವುದು ಹೊಸದಾಗಿತ್ತು.

ನಮ್ಮದೂ ಹಾಗೇ. ರಂಜಾನಿನಲ್ಲಿ ಮುಟ್ಟಾದವರಿಗೆ ಉಪವಾಸವಿಲ್ಲ, ಆಮೇಲೆ ಹಿಡಿದರಾಯಿತು. ನಮಾಜಿಗೂ ವಿನಾಯಿತಿ ಇದೆ. ದೀನ್ ಕೊಟ್ಟಿರುವ ಈ ಬಿಡುವನ್ನು ನಾವು ಹೇಗೆ ಬಳಸುತ್ತೇವೆ? ಅಣ್ಣ ತಮ್ಮಂದಿರಿಗೆ ಗೊತ್ತಾಗಬಾರದೆಂದು ಸಹರಿಗೆ ಎದ್ದು, ದಿನವಿಡೀ ನೀರೂ ಕುಡಿಯದೆ, ನೋವನ್ನು ನುಂಗಿಕೊಂಡು ಉಪವಾಸ ಇದ್ದಂತೆ ನಟಿಸುತ್ತೇವೆ. ನೀರು, ಊಟ, ವಿಶ್ರಾಂತಿ ಬೇಕಾದ ದಿನವೇ ಅವುಗಳಿಂದ ದೂರ ಇರುತ್ತೇವೆ. ನನ್ನ ಅಮ್ಮಿ ಈ ವರ್ಷ ಅಡುಗೆಮನೆಯಲ್ಲೇ ನನಗೆ ಮಧ್ಯಾಹ್ನದ ಊಟ ಬಡಿಸಿದರು. ತಮ್ಮ ನೋಡಿದ, ಏನೂ ಆಗಲಿಲ್ಲ.

ಚೀನಾದ ಆನ್‌ಹುಯಿ ಪ್ರಾಂತ್ಯದಲ್ಲಿ 2016ರ ಮಾರ್ಚ್‌ನಿಂದ, ವೈದ್ಯರ ಚೀಟಿ ತಂದ ಉದ್ಯೋಗಿ ಹೆಂಗಸರಿಗೆ ಒಂದೆರಡು ದಿನ ರಜೆ ಕೊಡುವ ನಿಯಮ ಬಂತು. ನಮ್ಮ ಕರ್ನಾಟಕದ ಸಚಿವ ಸಂಪುಟವೂ 2025ರ ಅಕ್ಟೋಬರ್‌ನಲ್ಲಿ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ಕೇರಳದಲ್ಲಿ 2023ರಿಂದ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ ರಿಯಾಯಿತಿ ಸಿಕ್ಕಿದೆ. ಪಿಯುಸಿಯಲ್ಲಿ ನಮಗೆ ಶೇ. 75 ಹಾಜರಾತಿ ಬೇಕು. ತಿಂಗಳಿಗೆ ಎರಡು ದಿನ ತಪ್ಪಿದರೂ ಲೆಕ್ಕ ಬಿಗಿಯಾಗುತ್ತದೆ. ಇಡೀ ದಿನ ರಜೆ ಹಾಕುವ ಬದಲು ಒಂದು ಪೀರಿಯಡ್ ಮಲಗಲು ಮಂಚ, ಒಂದು ಹಾಟ್ ವಾಟರ್ ಬ್ಯಾಗ್, ಬಿಸಿನೀರಿನ ಕೆಟಲ್ ಇರುವ ಕೋಣೆ ಕಾಲೇಜಿನಲ್ಲಿದ್ದರೆ ಎಷ್ಟೋ ತರಗತಿಗಳು ಉಳಿಯುತ್ತವೆ. ಇದನ್ನು ವಿದ್ಯಾರ್ಥಿನಿಯರ ಪರವಾಗಿ ನಮ್ಮ ಮೇಡಂ ಮುಂದೆ ಇಡೋಣ ಎಂದು ನನ್ನ ಸಲಹೆ.

ಯಾವಾಗ ಡಾಕ್ಟರ ಹತ್ತಿರ ಹೋಗಲೇಬೇಕು?

- ಮಾತ್ರೆ, ಬಿಸಿ ಎರಡಕ್ಕೂ ನೋವು ಬಗ್ಗದಿದ್ದರೆ, ಪ್ರತಿ ತಿಂಗಳೂ ಕಾಲೇಜು ತಪ್ಪುತ್ತಿದ್ದರೆ.
- ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಬರುತ್ತಿದ್ದರೆ.
- ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ.
- ಜ್ವರ, ಕೆಟ್ಟ ವಾಸನೆಯ ಸ್ರಾವ, ತಲೆಸುತ್ತಿ ಬೀಳುವುದು ಇದ್ದರೆ.
- ಇನ್ನೂ ಮುಟ್ಟೇ ಆಗಿಲ್ಲ, ಆದರೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ನೋವು ಬರುತ್ತಿದೆ ಎಂದಾದರೆ.

ಖಾಸಗಿ ಆಸ್ಪತ್ರೆಗೆ ಹೋಗಲು ಆಗದವರು ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ವಿಚಾರಿಸಿ. ಅದು ನಮ್ಮ ವಯಸ್ಸಿನವರಿಗೆಂದೇ ಇರುವುದು.

ಹೋಗುವಾಗ ಚೀನೀ ವೈದ್ಯರ ಪ್ರಶ್ನೆಗಳನ್ನು ಜೊತೆಗೆ ಒಯ್ಯಿರಿ. ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಮೂರು ತಿಂಗಳು ಬರೆದಿಡಿ: ಮುಟ್ಟು ಶುರುವಾದ ತಾರೀಖು, ನೋವು ಯಾವ ದಿನ ಎಷ್ಟು ಗಂಟೆ ಇತ್ತು, ಹತ್ತಕ್ಕೆ ಎಷ್ಟು ಅಂಕ, ಬಿಸಿಗೆ ಇಳಿಯಿತೇ, ಎಷ್ಟು ಪ್ಯಾಡ್, ಗಡ್ಡೆ ಬಂತೇ, ಯಾವ ಮಾತ್ರೆ, ಯಾವ ತರಗತಿ ತಪ್ಪಿತು. ಡಾಕ್ಟರು ಐದೇ ನಿಮಿಷ ಕೊಟ್ಟರೂ ಆ ಪುಟ ತೋರಿಸಿದರೆ ಸಾಕು, ನಾಚಿಕೊಂಡು ತಡವರಿಸುವ ಅಗತ್ಯವಿರುವುದಿಲ್ಲ. ನಾನು ನನ್ನ ರೆಕಾರ್ಡ್ ಬುಕ್ಕಿನ ಕೊನೆಯ ಪುಟಗಳಲ್ಲಿ ಶುರು ಮಾಡಿದ್ದೇನೆ. ಬೇಕಾದವರು ಕೇಳಿ, ಗೆರೆ ಎಳೆದ ಹಾಳೆ ಕೊಡುತ್ತೇನೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ